ತೋಟಾ ತುಂಬುವ ಮಿಷನ್ನು ಮತ್ತು ನಮ್ಮ ಹುಡುಗನ ಏಳು ವರ್ಷ

ಹೋದ ತಿಂಗಳು ಒಂದು ಭಾನುವಾರ ಅಕ್ಕನ ಮಗ ಯಲಹಂಕದ ನಮ್ಮ ಮನೆಗೆ ಬಂದಿದ್ದ. ಸಹಕಾರ ನಗರದಲ್ಲಿ ಅಪಾರ್ಟ್‌ಮೆಂಟು, ಸಾಫ್ಟ್‌ವೇರ್ ಕೆಲಸ, ಮೈತುಂಬಾ ಪಿಸ್ತೂಲು ಶೂಟಿಂಗಿನ ಹುಚ್ಚು. ರೈಫಲ್ ಕ್ಲಬ್ಬಿಗೆ ಸೇರಿ ನಾಲ್ಕು ವರ್ಷವಾಯ್ತು. ಓಡಾಡಿ ಓಡಾಡಿ ಚಪ್ಪಲಿ ಸವೆಸಿ, ಕೊನೆಗೂ ಒಂದು .32 ರಿವಾಲ್ವರಿಗೆ ಲೈಸೆನ್ಸ್ ಮಾಡಿಸಿಕೊಂಡಿದ್ದಾನೆ.

ಕಾಫಿ ಕುಡಿಯುತ್ತಾ ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದ. ಅಮೆರಿಕದ ಯಾರದೋ ಗ್ಯಾರೇಜು. ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಒಂದು ಪ್ರೆಸ್ಸು. ಆ ಮನುಷ್ಯ ಸನ್ನೆ ಎಳೀತಾನೆ, ಮೇಲಿನ ತಟ್ಟೆ ತಿರುಗುತ್ತೆ, ಮತ್ತೆ ಎಳೀತಾನೆ... ನಾಲ್ಕು ಸಲ ಎಳೆದರೆ ಖಾಲಿ ಕೇಸು ಹೋಗಿ ಹೊಸ ತೋಟಾ ಬರುತ್ತೆ.

"ಮಾವ, ಚಿಕ್ಕಪ್ಪನ ಮಗ ಡಿಸೆಂಬರ್‌ನಲ್ಲಿ ಟೆಕ್ಸಾಸಿಂದ ಬರ್ತಿದಾನೆ. ಅವನ ಸೂಟ್‌ಕೇಸಲ್ಲಿ ಇದನ್ನ ತರಿಸ್ತೀನಿ. ಬರೀ ಕಬ್ಬಿಣ ಅಲ್ವಾ, ಯಾರು ಕೇಳ್ತಾರೆ? ಮದ್ದು ಗಿದ್ದು ಆಮೇಲೆ ನೋಡ್ಕೊಳ್ಳೋಣ."

ನಾನು ಬೈದೆ. ಅವನು ಮುಖ ಊದಿಸಿಕೊಂಡು ಎದ್ದು ಹೋದ. ಬೈದದ್ದು ಯಾಕೆ ಅಂತ ಅವತ್ತು ಸರಿಯಾಗಿ ಹೇಳಲಾಗಲಿಲ್ಲ. ಇವತ್ತು ಬರೀತಿದ್ದೀನಿ, ಅವನಿಗೂ, ಅವನಂತೆ ಯೋಚಿಸುತ್ತಿರುವ ಉಳಿದ ಹುಡುಗರಿಗೂ. ಕೊನೆಯಲ್ಲಿ ಸರಕಾರಕ್ಕೂ ಎರಡು ಮಾತಿದೆ, ಅದನ್ನ ಬಿಡಲ್ಲ.

ಮೊದಲು ಈ ಯಂತ್ರ ಏನು ಅಂತ ನೋಡೋಣ. ಪೀಣ್ಯದಲ್ಲೋ ಯಶವಂತಪುರದಲ್ಲೋ ಕೆಲಸ ಮಾಡಿದವರಿಗೆ ಟರೆಟ್ ಲೇತ್ ಗೊತ್ತು. ಟೂಲ್ ಬಿಚ್ಚಿ ಕಟ್ಟುವ ಬದಲು, ಎಲ್ಲ ಟೂಲನ್ನೂ ಒಂದು ತಿರುಗುವ ತಲೆಗೆ ಹಾಕಿಟ್ಟು ಒಂದೊಂದಾಗಿ ಮುಂದೆ ತರೋದು. ಟರೆಟ್ ಪ್ರೆಸ್ಸೂ ಅದೇ. ಲೀ, ಲೈಮನ್, ರೆಡ್ಡಿಂಗ್ ಮುಂತಾದ ಅಮೆರಿಕನ್ ಕಂಪನಿಗಳು ಮಾಡುತ್ತವೆ. ಒಂದು ಡೈ ಹಾರಿಸಿದ ಹಿತ್ತಾಳೆ ಕೇಸನ್ನು ಹಳೆ ಅಳತೆಗೆ ತಂದು ಸುಟ್ಟ ಪ್ರೈಮರನ್ನು ತಳ್ಳುತ್ತೆ. ಇನ್ನೊಂದು ಬಾಯಿ ಅಗಲಿಸುತ್ತೆ, ಅಲ್ಲೇ ಮದ್ದು ಬೀಳುತ್ತೆ. ಮೂರನೆಯದು ಗುಂಡು ಕೂರಿಸುತ್ತೆ. ನಾಲ್ಕನೆಯದು ಬಾಯಿ ಬಿಗಿಯುತ್ತೆ. ನಮ್ಮ ಹುಡುಗ ಹೇಳಿದ್ದು ಸುಳ್ಳಲ್ಲ, ಇದು ಕಬ್ಬಿಣವೇ.

ಆದರೆ ಕಾನೂನು ಅದನ್ನು ಕಬ್ಬಿಣ ಅಂತ ಕರೆಯಲ್ಲ ಸ್ವಾಮಿ!

1959ರ ಶಸ್ತ್ರಾಸ್ತ್ರ ಕಾಯ್ದೆಯ ಎರಡನೇ ಕಲಮು ತೆಗೆದು ನೋಡಿ. ಮದ್ದುಗುಂಡು ಅಂದರೆ ಏನು ಅಂತ ಅಲ್ಲಿ ವ್ಯಾಖ್ಯಾನವಿದೆ. ರಾಕೆಟ್, ಬಾಂಬ್, ಗ್ರೆನೇಡ್ ಎಲ್ಲ ಹೇಳಿ, ಅದರ ಜತೆಗೇ ಮದ್ದುಗುಂಡಿನ ಬಿಡಿಭಾಗ ಮತ್ತು ಮದ್ದುಗುಂಡು ತಯಾರಿಸುವ ಯಂತ್ರ ಕೂಡ ಮದ್ದುಗುಂಡೇ ಅಂತ ಬರೆದಿದ್ದಾರೆ. ಅಂದರೆ ಒಂದು ಕಾಳು ಮದ್ದಿಲ್ಲದ ಖಾಲಿ ಪ್ರೆಸ್ಸು ಸೂಟ್‌ಕೇಸಿನಲ್ಲಿ ಬಂದರೂ ಕಾನೂನಿನ ಕಣ್ಣಿಗೆ ಅದು ಮದ್ದುಗುಂಡು. ವಿದೇಶದಿಂದ ತರಲು ಹತ್ತನೇ ಕಲಮಿನ ಪ್ರಕಾರ ಲೈಸೆನ್ಸ್ ಬೇಕು. ಅದರಲ್ಲಿ ತೋಟಾ ತಯಾರಿಸಲು ಐದನೇ ಕಲಮಿನ ಪ್ರಕಾರ ಇನ್ನೊಂದು ಲೈಸೆನ್ಸ್ ಬೇಕು. ಆತನ ಕೈಲಿರೋ ರಿವಾಲ್ವರ್ ಲೈಸೆನ್ಸು ಇಟ್ಟುಕೊಳ್ಳೋಕೆ, ತಯಾರಿಸೋಕೆ ಅಲ್ಲ. "ಪೀಣ್ಯದಲ್ಲೇ ಡ್ರಾಯಿಂಗ್ ಕೊಟ್ಟು ಮಾಡಿಸಿಬಿಡ್ತೀನಿ" ಅನ್ನೋ ಜಾಣತನವೂ ನಡೆಯಲ್ಲ. ಎಲ್ಲಿ ಮಾಡಿಸಿದರೂ ಯಂತ್ರ ಯಂತ್ರವೇ. ಪಾಪ, ಮಾಡಿಕೊಟ್ಟ ವರ್ಕ್‌ಶಾಪಿನವನೂ ಸಿಕ್ಕಿ ಬೀಳ್ತಾನೆ.

ಶಿಕ್ಷೆ? 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ತಯಾರಿಸಿದರೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು. ಕನಿಷ್ಠ ಏಳು! ಹುಡುಗನಿಗೆ ಈಗ ಇಪ್ಪತ್ತೊಂಬತ್ತು. ಲೆಕ್ಕ ಹಾಕಿಕೊಳ್ಳಿ.

ಏರ್‌ಪೋರ್ಟಿನಲ್ಲಿ ಬ್ಯಾಗಿನ ಮೂಲೆಯಲ್ಲಿ ಒಂದು ತೋಟಾ ಸಿಕ್ಕಿ ಕೇಸು ಬಿದ್ದವರು ಎಷ್ಟೋ ಜನ. ಬ್ಯಾಗಿನಲ್ಲಿ ಅದು ಇರೋದೇ ಗೊತ್ತಿರಲಿಲ್ಲ, ಅರಿವಿದ್ದು ಇಟ್ಟುಕೊಂಡಿದ್ದಲ್ಲ ಅಂತ ಹೈಕೋರ್ಟುಗಳು ಇಂಥ ಹಲವು ಕೇಸು ರದ್ದು ಮಾಡಿವೆ. ವಿಡಿಯೋ ನೋಡಿ, ಆರ್ಡರ್ ಮಾಡಿ, ಅಣ್ಣನ ಕೈಲಿ ಹೊರಿಸಿಕೊಂಡು ಬಂದವನು ಆ ಮಾತು ಹೇಳೋಕಾಗುತ್ತಾ?

"ಕೊಡವರಿಗೆ ಲೈಸೆನ್ಸೇ ಬೇಡವಂತಲ್ಲ ಮಾವ" ಅಂತಲೂ ಅಂದ. ಹೌದು, ಬ್ರಿಟಿಷರ ಕಾಲದಲ್ಲಿ, 1861ರಿಂದ ಬಂದ ವಿನಾಯಿತಿ ಅದು. ಕೇಂದ್ರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿ. ಮನೆಯಲ್ಲಿ ತೋಟಾ ಕಾರ್ಖಾನೆ ತೆಗೆಯೋಕಲ್ಲ.

ಕಾನೂನು ಪಕ್ಕಕ್ಕಿಡಿ. ನಾನು ಸಕಲೇಶಪುರದ ಕಡೆಯವನು. ಅಪ್ಪನ ಹತ್ತಿರ ಬೆಳೆ ರಕ್ಷಣೆಗೆ ಕೊಟ್ಟ ಕೇಪಿನ ಕೋವಿ ಇತ್ತು. ಅಳತೆ ನೋಡಿ ಮದ್ದು ಹಾಕಿ, ತೆಂಗಿನ ಕತ್ತ ತುರುಕಿ, ಚರೆ ಹಾಕಿ, ಗಜದಿಂದ ಗುದ್ದೋದು. ಆಗ ಅಪ್ಪ ಯಾರ ಜತೆಗೂ ಮಾತಾಡ್ತಿರಲಿಲ್ಲ. ನಾವು ಹತ್ತಿರ ಹೋದರೆ ಕಣ್ಣಲ್ಲೇ ಬೈಯೋರು. ಯಾಕೆಂದರೆ ಪಕ್ಕದೂರಿನಲ್ಲಿ ಒಬ್ಬರು ಮಾತಿನ ಮಧ್ಯೆ ತುಂಬಿದ ಕೋವಿಗೇ ಇನ್ನೊಮ್ಮೆ ತುಂಬಿದ್ದರು. ನಳಿಗೆ ಸೀಳಿ ಎಡಗೈಯ ಮೂರು ಬೆರಳು ಹೋಯ್ತು.

ರಿವಾಲ್ವರ್ ತೋಟಾದಲ್ಲಿ ಈ ಅಪಾಯ ಇನ್ನೂ ಸಣ್ಣ ಜಾಗದಲ್ಲಿ ಕೂತಿರುತ್ತೆ. ಹೊಗೆಯಿಲ್ಲದ ಮದ್ದು ಬೇಕಾಗೋದು ಚೂರೇ ಚೂರು. ಒಂದು ಅಳತೆಯ ಬದಲು ಎರಡು ಬಿದ್ದರೂ ಎಷ್ಟೋ ಸಲ ಕೇಸು ತುಳುಕಲ್ಲ, ಹೊರಗಿನಿಂದ ಗೊತ್ತೂ ಆಗಲ್ಲ. ಹಾರಿಸಿದಾಗ ಮುಖದ ಮುಂದೆ ಸಿಲಿಂಡರ್ ಒಡೆಯುತ್ತೆ. ಮದ್ದೇ ಬೀಳದಿದ್ದರೆ? ಬರೀ ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯ ಮಧ್ಯೆ ಸಿಕ್ಕಿಕೊಳ್ಳುತ್ತೆ. ಗೊತ್ತಾಗದೆ ಎರಡನೆಯದು ಹೊಡೆದರೆ ನಳಿಗೆ ಉಬ್ಬುತ್ತೆ ಇಲ್ಲಾ ಸೀಳುತ್ತೆ. ಇನ್ನು ಪ್ರೈಮರಿನಲ್ಲೂ ಗುಂಡಿನಲ್ಲೂ ಸೀಸ. ಸುಟ್ಟ ಕೇಸಿನ ಧೂಳು ಕೈಗೆ, ಕೈಯಿಂದ ಅನ್ನಕ್ಕೆ. ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ ಆತನಿಗೆ.

ಅಮೆರಿಕದ ಗ್ಯಾರೇಜಿಗೂ ಅಕ್ಕಪಕ್ಕದ ಮನೆಗೂ ಮಧ್ಯೆ ಅಂಗಳ ಇದೆ. ಸಹಕಾರ ನಗರದ ಮೂರನೇ ಮಹಡಿಗೆ ಮೇಲೆ ಒಂದು ಸಂಸಾರ, ಕೆಳಗೆ ಒಂದು ಸಂಸಾರ. "ಏನೂ ಆಗಲ್ಲ ಬಿಡಿ" ಅನ್ನೋ ಮಾತು ನಮ್ಮ ಬಾಯಲ್ಲಿ ಯಾವಾಗಲೂ ಇರುತ್ತೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಹದಿನಾಲ್ಕಕ್ಕೂ ಹೆಚ್ಚು ಜನ. ರಿವಾಲ್ವರ್ ಮದ್ದಿನ ಒಂದು ಡಬ್ಬಿ ಅಷ್ಟು ದೊಡ್ಡದಲ್ಲ, ಒಪ್ಪಿದೆ. ಆದರೆ ಆ ಬಿಲ್ಡಿಂಗಿನ ಉಳಿದವರನ್ನು ಯಾರು ಕೇಳಿದರು?

ಇನ್ನೊಂದು ತಮಾಷೆ ಕೇಳಿ. ಇದೆಲ್ಲ ಯಾವ ಆಟಕ್ಕೆ? ಒಲಿಂಪಿಕ್ಸಿನ ಪಿಸ್ತೂಲು ಸ್ಪರ್ಧೆಗಳಲ್ಲಿ ಒಂದಕ್ಕೂ ಈ ಪ್ರೆಸ್ಸು ಬೇಡ. 2024ರ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಏರ್ ಪಿಸ್ತೂಲಿನಲ್ಲಿ, 4.5 ಎಂಎಂ ಸೀಸದ ಪೆಲೆಟ್ಟು. 2012ರ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು .22ರಲ್ಲಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. .22 ತೋಟಾದ ಪ್ರೈಮರ್ ಮದ್ದು ಕೇಸಿನ ಅಂಚಿನೊಳಗೇ ಇರುತ್ತೆ. ಒಮ್ಮೆ ಹಾರಿಸಿದರೆ ಅಂಚು ನಜ್ಜುಗುಜ್ಜು, ಮತ್ತೆ ತುಂಬೋ ಮಾತೇ ಇಲ್ಲ. ಪ್ರೆಸ್ಸು ಬೇಕಾಗೋದು ಸೆಂಟರ್ ಫೈರ್ .32ಕ್ಕೆ. ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸಿನಲ್ಲಿ ಚಿನ್ನ ಗೆದ್ದ ಸ್ಪರ್ಧೆ ಅದು. ಆದರೆ ಕೈ ಪಳಗೋದು ಏರ್ ಪಿಸ್ತೂಲಿನಲ್ಲಿ, ಮತ್ತೆ ಗುಂಡಿಲ್ಲದೆ ಗೋಡೆಗೆ ಗುರಿಯಿಟ್ಟು ದಿನಾ ಟ್ರಿಗರ್ ಒತ್ತೋದರಲ್ಲಿ. ಅದಕ್ಕೆ ಟೆಕ್ಸಾಸಿನ ಸೂಟ್‌ಕೇಸ್ ಬೇಕಿಲ್ಲ, ಬೇಕಿರೋದು ತಾಳ್ಮೆ.

ಸರಿ, ಈಗ ಸರಕಾರದ ಕಡೆ ತಿರುಗೋಣ.

ಹುಡುಗನ ದಾರಿ ತಪ್ಪು. ಆದರೆ ಹೊಟ್ಟೆಕಿಚ್ಚು ನ್ಯಾಯವಾದದ್ದು. ಲೈಸೆನ್ಸ್ ಕೊಟ್ಟಿದ್ದೀರಿ, ಪೊಲೀಸ್ ವಿಚಾರಣೆ ಮಾಡಿದ್ದೀರಿ, ಚುನಾವಣೆ ಬಂದರೆ ಠೇವಣಿ ಇಡಿಸಿಕೊಳ್ಳುತ್ತೀರಿ. ಇಷ್ಟೆಲ್ಲ ಆದಮೇಲೆ ಅಂಗಡಿಗೆ ಹೋದರೆ ಒಂದು ಸಲ ಸ್ಟಾಕ್ ಇಲ್ಲ, ಇನ್ನೊಂದು ಸಲ ಇದೆ ಆದರೆ ಬೆಲೆ ಕೇಳಿ ಎದೆ ಧಸಕ್ಕೆನ್ನುತ್ತೆ. ಒಂದು ಸಂಜೆಯ ಅಭ್ಯಾಸಕ್ಕೆ ಐವತ್ತು ಬೇಕು. ಹಿತ್ತಾಳೆ ಕೇಸು ಹತ್ತಾರು ಸಲ ಬಳಸಬಹುದಾದ ವಸ್ತು, ಅದನ್ನ ಒಂದೇ ಸಲಕ್ಕೆ ಬಿಸಾಡ್ತೀವಿ. ಹೀಗಾದರೆ ಈ ಆಟ ದುಡ್ಡಿದ್ದವರ ಮಕ್ಕಳಿಗೆ ಮಾತ್ರ.

ನಿಮ್ಮ ಹೆದರಿಕೆಯೂ ಸುಳ್ಳಲ್ಲ. ಕಲಬುರ್ಗಿಯವರನ್ನು 2015ರಲ್ಲಿ, ಗೌರಿ ಲಂಕೇಶರನ್ನು 2017ರಲ್ಲಿ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಎರಡಕ್ಕೂ ಒಂದೇ 7.65 ಎಂಎಂ ನಾಡಪಿಸ್ತೂಲು ಅಂತ ವಿಧಿವಿಜ್ಞಾನ ಪ್ರಯೋಗಾಲಯ ಹೇಳಿದ್ದು ಗುಂಡು, ಖಾಲಿ ಕೇಸುಗಳ ಮೇಲಿದ್ದ ಗುರುತು ನೋಡಿ. ಯಾರದೋ ಕೇಸು ಆಯ್ದು ಮನೆಮನೆಯಲ್ಲಿ ತುಂಬತೊಡಗಿದರೆ ಒಂದೇ ಕೇಸಿನ ಮೇಲೆ ಎರಡು ಮೂರು ಬಂದೂಕಿನ ಗುರುತು ಬೀಳುತ್ತೆ. ಲೆಕ್ಕಕ್ಕೆ ಸಿಗದ ತೋಟಾ ಊರಲ್ಲಿ ಓಡಾಡೋದು ನನಗೂ ಬೇಡ.

ಆದರೆ ಮನೆ ಬೇಡ ಅಂದರೆ ಎಲ್ಲೂ ಬೇಡ ಅಂತಲಾ? ಜರ್ಮನಿ ನೋಡಿ. ಅಲ್ಲಿ ತೋಟಾ ತುಂಬಬೇಕಾದರೆ ಸ್ಫೋಟಕ ಕಾನೂನಿನ 27ನೇ ಕಲಮಿನ ಪರವಾನಗಿ ಬೇಕು. ಅದಕ್ಕೆ ಮೊದಲು ಕೋರ್ಸು, ಪರೀಕ್ಷೆ, ಹಿನ್ನೆಲೆ ವಿಚಾರಣೆ. ಪಾಸಾದರೆ ತುಂಬಿಕೊಳ್ಳಿ, ಇಲ್ಲದಿದ್ದರೆ ಇಲ್ಲ. ನಾವು ಇನ್ನೊಂದು ಹೆಜ್ಜೆ ಬಿಗಿ ಮಾಡೋಣ, ಮನೆಗೆ ಬೇಡ, ಕ್ಲಬ್ಬಿಗೆ ಕೊಡಿ. ರೇಂಜಿನ ಪಕ್ಕದಲ್ಲಿ ಬೀಗ ಹಾಕಿದ ಒಂದು ಕೋಣೆ, ಎರಡು ಪ್ರೆಸ್ಸು, ತರಬೇತಾದ ಒಬ್ಬ ಜವಾಬ್ದಾರ. ಎಷ್ಟು ಕೇಸು ಒಳಗೆ ಹೋಯ್ತು, ಎಷ್ಟು ತೋಟಾ ಹೊರಗೆ ಬಂತು ಅಂತ ರಿಜಿಸ್ಟರ್. ಅಲ್ಲೇ ತುಂಬಿ ಅಲ್ಲೇ ಹೊಡೆಯಬೇಕು, ಒಂದೂ ಗೇಟು ದಾಟಬಾರದು. ಪೊಲೀಸರು ಬೇಕಾದಾಗ ಬಂದು ಎಣಿಸಲಿ. ಇದಕ್ಕೊಂದು ಸಣ್ಣ, ಸ್ಪಷ್ಟ ಲೈಸೆನ್ಸ್ ಮಾಡೋಕೆ ಏನು ಕಷ್ಟ?

ಇದನ್ನ ಕೇಳೋರು ಯಾರು ಅನ್ನೋದೇ ಪ್ರಶ್ನೆ. ಗುಟ್ಟಾಗಿ ಸೂಟ್‌ಕೇಸಿನಲ್ಲಿ ತರಿಸೋ ಹುಡುಗ ಕೇಳೋಕಾಗಲ್ಲ. ಅವನೊಬ್ಬ ಸಿಕ್ಕಿಬಿದ್ದ ದಿನ ಪೇಪರಿನಲ್ಲಿ "ಫ್ಲಾಟ್‌ನಲ್ಲಿ ಗುಂಡು ತಯಾರಿಕೆ" ಅಂತ ಬರುತ್ತೆ. ಆಮೇಲೆ ಇಪ್ಪತ್ತು ವರ್ಷ ಯಾವ ಅಧಿಕಾರಿಯೂ ಈ ಫೈಲ್ ಮುಟ್ಟಲ್ಲ. ಹಾಳಾಗೋದು ಅವನೊಬ್ಬನೇ ಅಲ್ಲ, ಕ್ಲಬ್ಬಿನ ಉಳಿದ ಎಲ್ಲರ ಬಾಯಿಗೂ ಬೀಗ.

ಆದ್ದರಿಂದ ಮಾರಾಯಾ, ಅಣ್ಣನಿಗೆ ಫೋನ್ ಮಾಡಿ ಬೇಡ ಅನ್ನು. ಆ ದುಡ್ಡಿನಲ್ಲಿ ಪೆಲೆಟ್ಟು ತಗೋ. ಮುಂದಿನ ಭಾನುವಾರ ಬಾ, ಕ್ಲಬ್ಬಿನ ಹೆಸರಿನಲ್ಲಿ ಗೃಹ ಇಲಾಖೆಗೆ ಒಂದು ಅರ್ಜಿ ಬರೆಯೋಣ. ಕಾಫಿ ನಾನು ಮಾಡ್ತೀನಿ, ಕನ್ನಡ ಟೈಪಿಂಗ್ ನಿಂದು.

ಕೊಸರು: ಬರೆದು ಮುಗಿಸೋ ಹೊತ್ತಿಗೆ ಅಕ್ಕನ ಫೋನ್ ಬಂತು. "ಅದೇನೋ ಮಿಷನ್ನು ತರಿಸ್ತೀನಿ ಅಂತಿದ್ದ, ಈಗ ಬೇಡ ಅಂತಿದಾನೆ. ಏನಂದೆ ನೀನು ಅವನಿಗೆ?" ಅಂದಳು. "ಏನಿಲ್ಲ, ಲೆಕ್ಕ ಹೇಳಿಕೊಟ್ಟೆ" ಅಂದೆ.