ಮಾತು ಬರುವ ತನಕ ಪುಸ್ತಕ ಮುಚ್ಚಿಡಬೇಕೆ?

ಮೂರು ತುಂಬಿದರೂ ಮಗು ಎರಡು ಪದ ಕೂಡಿಸಿ ಆಡುತ್ತಿಲ್ಲವೆಂದರೆ ಮನೆಯಲ್ಲಿ ಸಮಾಧಾನಕ್ಕೆ ಬರವಿಲ್ಲ. 'ಅವರಪ್ಪನೂ ಹೀಗೇ, ತಡವಾಗಿ ಮಾತಾಡಿದ್ದು' ಎನ್ನುತ್ತಾರೆ ಒಬ್ಬರು. 'ಬಜೆ ತೇಯ್ದು ನಾಲಿಗೆಗೆ ಹಚ್ಚಿ' ಎನ್ನುತ್ತಾರೆ ಇನ್ನೊಬ್ಬರು. ಶಾಲೆಯವರದು ಮೂರನೆಯ ಸಲಹೆ: 'ಮೊದಲು ಮಾತು ಬರಲಿ, ಆಮೇಲೆ ಅಕ್ಷರ ನೋಡೋಣ.' ಮೂರರಲ್ಲಿ ಹೆಚ್ಚು ಕೆಡುಕು ಮಾಡುವುದು ಈ ಕೊನೆಯದೇ. ತಿಳಿದವರು ಹೇಳಿದ್ದೆಂದು ಹೆತ್ತವರು ನಂಬಿಬಿಡುತ್ತಾರೆ.

ಕಿವಿ ಪರೀಕ್ಷೆ ಎಲ್ಲಕ್ಕಿಂತ ಮೊದಲು ಆಗಲೇಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸದಲ್ಲಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೇ ಬರುತ್ತದೆ. ಆದರೆ ಪರೀಕ್ಷೆ, ಸ್ಪೀಚ್ ಥೆರಪಿ ನಡೆಯುತ್ತಿರುವಾಗ ಪುಸ್ತಕ ಕಪಾಟಿನಲ್ಲೇ ಇರಬೇಕೆಂದೇನಿಲ್ಲ. ಆಡಿದ ಮಾತು ಆಗಲೇ ಕರಗಿಹೋಗುತ್ತದೆ, ಬರೆದ ಪದ ಕಣ್ಣೆದುರು ನಿಂತಿರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಓದೇ ಮಾತಿನ ದಾರಿಯಾಗಬಲ್ಲದೆಂದು ಇಂಗ್ಲೆಂಡಿನ ಮನೋವಿಜ್ಞಾನಿ ಸ್ಯೂ ಬಕ್ಲಿ 1980ರ ದಶಕದಿಂದ ಹೇಳುತ್ತ ಬಂದಿದ್ದಾರೆ.

ನಮ್ಮ ತೊಡಕೆಂದರೆ, ಓದುವುದೆಂದರೆ ಗಟ್ಟಿಯಾಗಿ ಒಪ್ಪಿಸುವುದೆಂದು ತಿಳಿದಿದ್ದೇವೆ. 'ಇದೇನು? ಹೇಳು, ಹೇಳು' ಎಂದು ಬೆನ್ನು ಹತ್ತಿದರೆ ಮಾತಿಗೆ ತಡಕಾಡುವ ಮಗು ಮುಖ ತಿರುಗಿಸುತ್ತದೆ. 'ಏನೂ ಬರುವುದಿಲ್ಲ' ಎಂದು ನಾವು ಷರಾ ಬರೆಯುತ್ತೇವೆ. ಅದೇ ಮಗುವಿಗೆ ಕೆಲವು ದಿನ ಹಾಲಿನ ಲೋಟದ ಪಕ್ಕದಲ್ಲಿ 'ಹಾಲು' ಎಂದು ದಪ್ಪಗೆ ಬರೆದ ಚೀಟಿ ಇಟ್ಟು ತೋರಿಸಿ. ಆಮೇಲೆ 'ಹಾಲು', 'ಅಮ್ಮ', 'ಚೆಂಡು' ಮೂರನ್ನೂ ಚಾಪೆಯ ಮೇಲೆ ಹರಡಿ, 'ಹಾಲು ಎಲ್ಲಿದೆ, ಕೊಡು' ಎನ್ನಿ. ಸರಿಯಾದ ಚೀಟಿ ಎತ್ತಿಕೊಟ್ಟರೆ ಓದು ಶುರುವಾಯಿತೆಂದೇ ಲೆಕ್ಕ. ಪದವನ್ನು ನೀವು ಹೇಳಿ. ಮಗು 'ಆಉ' ಎಂದರೂ ತಿದ್ದುತ್ತ ಕೂರದೆ ಹಾಲು ಕೊಡಿ.

ಅ-ಆ-ಇ-ಈ ಮುಗಿದು, ಕಾಗುಣಿತ ಮುಗಿದು, ಒತ್ತಕ್ಷರದ ಸರದಿ ಬರುವುದು ಎಷ್ಟೋ ತಿಂಗಳ ಮೇಲೆ. ಮಗುವಿಗೆ ಬೇಕಾದವರೆಲ್ಲ ಇರುವುದು ಒತ್ತಕ್ಷರದಲ್ಲೇ: ಅಮ್ಮ, ಅಪ್ಪ, ಅಜ್ಜಿ, ಅಣ್ಣ, ಬೆಕ್ಕು! ಇವನ್ನು ಇಡಿಯಾಗಿ ಪರಿಚಯಿಸಿ ಅಕ್ಷರಗಳನ್ನು ನಿಧಾನವಾಗಿ ಬಿಡಿಸಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. (ಫೋನಿನಲ್ಲಿ ವರ್ಣಮಾಲೆಯ ಹಾಡು ಹಾಕಿ ಕೂರಿಸುವುದು ಇದಕ್ಕೆ ಬದಲಿಯಲ್ಲ, ಫೋನು ಮಗುವಿನ ಉತ್ತರಕ್ಕೆ ಕಾಯುವುದಿಲ್ಲ.)

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾತು ಮತ್ತು ಭಾಷೆಯ ನ್ಯೂನತೆಯನ್ನು ಹೆಸರಿಸಿಯೇ ಪಟ್ಟಿಗೆ ಸೇರಿಸಿದೆ, ಇಂಥ ಮಕ್ಕಳಿಗೆ ಶಾಲೆ ತಕ್ಕ ಅನುಕೂಲ ಮಾಡಿಕೊಡಬೇಕೆಂದೂ ಹೇಳಿದೆ. ಶಿಕ್ಷಣ ಇಲಾಖೆ ಇದನ್ನು ನಲಿಕಲಿ ತರಗತಿಗೆ ಇಳಿಸಲು ಒಂದು ಸುತ್ತೋಲೆ ಸಾಕು: ಬೆರಳಿಟ್ಟು ತೋರಿಸಿದ, ಚೀಟಿ ಆಯ್ದು ಕೊಟ್ಟ ಉತ್ತರಕ್ಕೂ ಬಾಯಲ್ಲಿ ಹೇಳಿದ ಉತ್ತರದಷ್ಟೇ ಅಂಕ. ಇದಕ್ಕೆ ಬಜೆಟ್ಟಿನಲ್ಲಿ ಹಣ ತೆಗೆದಿಡಬೇಕಾಗಿಲ್ಲ. ಬರುವ ಜೂನ್‌ನಲ್ಲಿ ಶಾಲೆ ಬಾಗಿಲು ತೆರೆಯುವ ಮೊದಲು ಅದು ಹೊರಬೀಳಲಿ.