ಎತ್ತೋದು ಬೇರೆ, ಎಳಿಯೋದು ಬೇರೆ: ವಿಂಚ್ ಆರ್ಡರ್ ಮಾಡೋ ಮುಂಚೆ ಓದಿ

1/8
ಗುರು, ನೇರವಾಗಿ ಹೇಳ್ಬಿಡ್ತೀನಿ. "ಎತ್ತೋಕೂ ಆಗುತ್ತೆ, ಎಳಿಯೋಕೂ ಆಗುತ್ತೆ, 1000 ಕೆಜಿ, ರಿಮೋಟ್ ಫ್ರೀ" ಅಂತ ಫೋನಲ್ಲಿ ಬರುತ್ತಲ್ಲ ಆ ಪುಟ್ಟ ಎಲೆಕ್ಟ್ರಿಕ್ ವಿಂಚ್, ಆ ಒಂದು ಸಾಲು ನಂಬಿ ಅದನ್ನ ಆರ್ಡರ್ ಮಾಡ್ಬೇಡಿ. ಯಂತ್ರ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಎರಡು ಬೇರೆ ಬೇರೆ ಕೆಲಸವನ್ನ ಒಂದೇ ಡಬ್ಬಿಗೆ ತುಂಬಿ ಮಾರ್ತಿದಾರೆ, ಅದು ತಪ್ಪು ಅಂತಿದೀನಿ.

ಇದು ನಿಮಗ್ಯಾಕೆ? ಶ್ರೀರಂಗಪಟ್ಟಣದ ಹೈವೇ ಪಕ್ಕದ ಗ್ಯಾರೇಜ್ ಆಗ್ಲಿ, ಪಾಂಡವಪುರದ ಕಡೆ ಆಲೆಮನೆ ಗಾಣ ರಿಪೇರಿ ಮಾಡೋ ಶೆಡ್ ಆಗ್ಲಿ, ಕೆ.ಆರ್. ಪೇಟೆಯ ಟ್ರ್ಯಾಕ್ಟರ್ ವರ್ಕ್‌ಶಾಪ್ ಆಗ್ಲಿ, ನಾಗಮಂಗಲದ ಬೋರ್ ಮೋಟಾರ್ ಅಂಗಡಿ ಆಗ್ಲಿ, ಹೊಸದಾಗಿ ಸೇರಿದ ಐಟಿಐ, ಡಿಪ್ಲೊಮಾದವರಿಗೆ ಓನರ್ ಏನ್ ಹೇಳ್ತಾರೆ? "ನಿಂಗೆ ಫೋನಲ್ಲಿ ಎಲ್ಲಾ ಗೊತ್ತಲ್ಲ, ಒಂದು ಒಳ್ಳೆ ವಿಂಚ್ ನೋಡಿ ಹಾಕಪ್ಪ." ಅಂದ್ರೆ ಆರಿಸೋರು ನೀವೇ. ನಾಳೆ ಆ ಲೋಡ್ ಪಕ್ಕ ನಿಂತು ಕೈ ಕೊಡೋರೂ ನೀವೇ. ಡಬ್ಬಿ ಮೇಲಿನ ಸುಳ್ಳಿಗೆ ಬೆಲೆ ಕಟ್ಟೋದು ಓನರ್ ದುಡ್ಡು ಅಲ್ಲ, ನಿಮ್ಮ ಕೈಕಾಲು.

ಎಂಟು ಪೋಸ್ಟ್ ಇದೆ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

2/8
ಮೊದಲು ಲೆಕ್ಕ. 1500 ಕೆಜಿ ತೂಕದ ಗಾಡಿ ಒಂದಿದೆ ಅನ್ಕೊಳಿ. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಅದನ್ನ ತಳ್ಳೋಕೆ ಇಬ್ಬರು ಸಾಕು. ಬೇಕಾದ ಎಳೆತ ಸುಮಾರು 30 ಕೆಜಿ ಅಷ್ಟೆ. ಅದೇ ಗಾಡಿನ ಆರು ಅಡಿಗೆ ಒಂದಡಿ ಏರೋ ರ‍್ಯಾಂಪ್ ಮೇಲೆ ಎಳೀಬೇಕಾದ್ರೆ 250 ಪ್ಲಸ್ 30, ಅಂದ್ರೆ 280 ಕೆಜಿ ಹತ್ರ. ಗಾಲಿ ಕೆಸರಲ್ಲಿ ಹೂತಿದ್ರೆ ಗಾಡಿಯ ಅರ್ಧ ತೂಕ, ಕೆಲವು ಸಲ ಅದಕ್ಕಿಂತಲೂ ಜಾಸ್ತಿ. ನೇರ ಮೇಲಕ್ಕೆ ಎತ್ತಬೇಕು ಅಂದ್ರೆ? ಪೂರ್ತಿ 1500.

ಒಂದೇ ಗಾಡಿ, ನಾಲ್ಕು ಲೆಕ್ಕ. ಹಾಗಾಗಿ "ಎಷ್ಟು ಕೆಜಿ ವಿಂಚ್ ಬೇಕು?" ಅನ್ನೋ ಪ್ರಶ್ನೆನೇ ಅರ್ಧಂಬರ್ಧ. "ಯಾವ ಕೆಲಸಕ್ಕೆ?" ಅಂತ ಮೊದಲು ಕೇಳಿ.

ಎಳೆಯುವಾಗ ರೋಪ್ ಬಿಟ್ಟರೂ ಸಮತಟ್ಟಲ್ಲಿ ಗಾಡಿ ನಿಂತಲ್ಲೇ ನಿಲ್ಲುತ್ತೆ, ಇಳಿಜಾರಲ್ಲಿ ಗಾಲಿಗೆ ಕಲ್ಲು ಕೊಡಬಹುದು. ಎತ್ತಿದ ಲೋಡಿಗೆ ಕಲ್ಲು ಕೊಡೋಕೆ ಜಾಗ ಎಲ್ಲಿದೆ? ಅದು ಬೀಳೋದು ಒಂದೇ ದಿಕ್ಕಿಗೆ.

3/8
ಅದಕ್ಕೇ ನಾನು ಹೇಳೋದು: ವಿಂಚ್ ಎಷ್ಟು ಎತ್ತುತ್ತೆ ಅನ್ನೋದಕ್ಕಿಂತ ಎತ್ತಿದ್ದನ್ನ ಹೇಗೆ ಹಿಡ್ಕೊಂಡಿರುತ್ತೆ, ಹೇಗೆ ಇಳಿಸುತ್ತೆ ಅನ್ನೋದು ಮುಖ್ಯ. ನಮ್ಮ ಹಿರೀಕರಿಗೆ ಇದು ಗೊತ್ತಿತ್ತು. ಕಪಿಲೆ ಹೊಡೆಯೋನು ಎತ್ತುಗಳನ್ನ ಮುಂದಕ್ಕೆ ಹೊಡೆದಷ್ಟೇ ಜೋಪಾನವಾಗಿ ಹಿಂದಕ್ಕೂ ನಡೆಸಬೇಕಿತ್ತು. ಮೇಲುಕೋಟೆ ತೇರಾಗ್ಲಿ, ನಿಮ್ಮೂರ ತೇರಾಗ್ಲಿ, ಹಗ್ಗ ಹಿಡಿಯೋರು ನೂರಾರು ಜನ ಇರಬಹುದು. ಆದ್ರೆ ಎಲ್ಲರ ಜೀವ ಇರೋದು ಚಕ್ರಕ್ಕೆ ಮರದ ತುಂಡು ಕೊಟ್ಟು ನಿಲ್ಲಿಸೋರ ಕೈಲಿ.

ಈಗ ಜೀಪಿನ ಮುಂದೆ ಹಾಕ್ತಾರಲ್ಲ, 12 ವೋಲ್ಟ್ ಬ್ಯಾಟರಿ ವಿಂಚ್, ಅದನ್ನ ನೋಡಿ. ಬಹುತೇಕ ಕಂಪನಿಗಳ ಕೈಪಿಡಿಲೇ "ಇದರಲ್ಲಿ ಲೋಡ್ ಎತ್ತಬೇಡಿ" ಅಂತ ಬರೆದಿರುತ್ತೆ. ಕಾರಣ ಇದೆ. ಎಷ್ಟೋ ಮಾಡಲ್‌ಗಳಲ್ಲಿ ಬ್ರೇಕ್ ಇರೋದು ಡ್ರಮ್ ಒಳಗೆ. ಲೋಡ್ ಇಳಿಸ್ತಾ ಹೋದಂತೆ ಅದು ಕಾಯುತ್ತೆ, ಡ್ರಮ್ಮಿಗೆ ಸುತ್ತಿದ ಸಿಂಥೆಟಿಕ್ ರೋಪೂ ಬೇಯುತ್ತೆ. ಇನ್ನೊಂದು ವಿಷ್ಯ: ಅದರ ಮೇಲೆ ಬರೆದಿರೋ ದೊಡ್ಡ ನಂಬರ್ ಡ್ರಮ್ಮಿನ ಮೊದಲ ಪದರಕ್ಕೆ ಮಾತ್ರ. ಪದರ ಮೇಲೆ ಪದರ ಸುತ್ತಿದಂಗೆ ಎಳೆತ ಕಮ್ಮಿ ಆಗ್ತಾ ಹೋಗುತ್ತೆ.

ಉಲ್ಟಾನೂ ನಿಜ. ಶೆಡ್ಡಲ್ಲಿ ನೇತುಹಾಕೋ 230 ವೋಲ್ಟ್ ಮಿನಿ ಹಾಯಿಸ್ಟನ್ನ ನೆಲದ ಮೇಲೆ ಮಲಗಿಸಿ ಗಾಡಿ ಎಳೆಯೋಕೆ ಬಳಸ್ತಾರೆ. ಅದರ ರೋಪ್ ಡ್ರಮ್ಮಿಗೆ ನೀಟಾಗಿ ಸುತ್ತೋದು ಕೆಳಗೆ ನೇರ ತೂಕ ಇದ್ರೆ ಮಾತ್ರ. ಓರೆಯಾಗಿ ಎಳೆದ್ರೆ ಒಂದೇ ಕಡೆ ಗುಡ್ಡೆ ಬೀಳುತ್ತೆ, ಅಂಚಿಗೆ ಉಜ್ಜುತ್ತೆ, ಎಳೆ ಕಿತ್ತು ಬರುತ್ತೆ. ಇನ್ನೊಂದು ದಿನ ಅದೇ ರೋಪಲ್ಲಿ ಇಂಜಿನ್ ಎತ್ತುತೀರ. ಎತ್ತು ಏರಿಗೆ, ಕೋಣ ನೀರಿಗೆ ಎಳೆದಂಗೆ ಆಗುತ್ತೆ ಕಣ್ರೋ, ಮಧ್ಯ ಹರಿಯೋದು ಹಗ್ಗ.

4/8
ಈಗ ಡಬ್ಬಿ ಮೇಲಿನ ನಂಬರ್. "1000 ಕೆಜಿ" ಅಂತ ದೊಡ್ಡದಾಗಿ ಇರುತ್ತೆ. ಕೆಳಗೆ ಸಣ್ಣ ಅಕ್ಷರದಲ್ಲಿ "500/1000" ಅಂತ ಇರುತ್ತೆ. ಒಂಟಿ ರೋಪಲ್ಲಿ 500 ಮಾತ್ರ. ಜೊತೆಗೆ ಕೊಟ್ಟಿರೋ ಪುಲ್ಲಿ ಹುಕ್ ಹಾಕಿ ರೋಪ್ ಎರಡು ಎಳೆ ಮಾಡಿದ್ರೆ 1000. ಆಗ ಎತ್ತೋ ಎತ್ತರವೂ ಅರ್ಧ, ವೇಗವೂ ಅರ್ಧ. ಅದರಲ್ಲಿ ಮೋಸ ಇಲ್ಲ, ರಾಟೆ ಇರೋದೇ ಹಂಗೆ. ಮೋಸ ಇರೋದು ಒಂಟಿ ರೋಪಿನ ಫೋಟೋ ಹಾಕಿ 1000 ಅಂತ ಬರೆಯೋದರಲ್ಲಿ.

ಸುಳ್ಳು ಹಿಡಿಯೋಕೆ ಒಂದು ಸೂತ್ರ ಇಟ್ಕೊಳಿ: ಕೆಜಿ × ನಿಮಿಷಕ್ಕೆ ಎಷ್ಟು ಮೀಟರ್ ÷ 6 = ಕನಿಷ್ಠ ಬೇಕಾದ ವ್ಯಾಟ್.

1000 ಕೆಜಿನ ನಿಮಿಷಕ್ಕೆ 4 ಮೀಟರ್ ಎತ್ತೋಕೆ 4000 ÷ 6, ಸುಮಾರು 670 ವ್ಯಾಟ್. ಗೇರಲ್ಲಿ ಕಳೆಯೋದು, ಮೋಟಾರಲ್ಲಿ ಕಳೆಯೋದು ಸೇರಿದ್ರೆ ಅದರ ಎರಡರಷ್ಟು ಕರೆಂಟ್ ತಗೊಂಡ್ರೂ ಆಶ್ಚರ್ಯ ಇಲ್ಲ. ಈಗ ಯಾರಾದ್ರೂ "1000 ಕೆಜಿ, ನಿಮಿಷಕ್ಕೆ 10 ಮೀಟರ್, 500 ವ್ಯಾಟ್ ಮೋಟಾರ್" ಅಂದ್ರೆ? ಲೆಕ್ಕ 1670 ವ್ಯಾಟ್ ಕೇಳ್ತಿದೆ. ಫಿಸಿಕ್ಸ್ ಪಾಸಾಗಿರೋ ಯಾರೂ ಅದನ್ನ ಕಾರ್ಟಿಗೆ ಹಾಕಬಾರದು. ಸ್ಟಾರ್ ರೇಟಿಂಗ್ ಎಷ್ಟೇ ಇರ್ಲಿ.

5/8
ಮುಂದಿನದು ನಮ್ಮೂರ ಕರೆಂಟ್. ಮೋಟಾರ್ 230 ವೋಲ್ಟ್‌ಗೆ ಮಾಡಿದ್ದು. ಸಂಜೆ ಹೊತ್ತು, ಲೈನಿನ ಕೊನೇ ಮನೆ, ಅದರ ಮೇಲೆ ತೆಳು ವೈರಿನ ಉದ್ದದ ಎಕ್ಸ್‌ಟೆನ್ಷನ್ ಬೋರ್ಡ್. ಮೋಟಾರಿಗೆ ತಲುಪೋದು 180 ಅನ್ಕೊಳಿ. ಇಂಡಕ್ಷನ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂಗೆ ಬೀಳುತ್ತೆ. 180 ಅನ್ನ 230ರಿಂದ ಭಾಗಿಸಿ ವರ್ಗ ಮಾಡಿ, 0.61 ಬರುತ್ತೆ. ಹತ್ತಿರ ಹತ್ತಿರ 40% ಬಲ ಹೋಯ್ತು. ಆವಾಗ ಅದು ಗುಂಯ್ ಅಂತ ನಿಂತು ಕಾಯುತ್ತೆ, ನೀವು ಬಟನ್ ಒತ್ತುತಾನೇ ಇರ್ತೀರ.

ನಡುವೆ ಕರೆಂಟ್ ಹೋದ್ರೆ? ಒಳ್ಳೆ ಹಾಯಿಸ್ಟಲ್ಲಿ ಬ್ರೇಕ್ ಬಿಡೋಕೆ ಕರೆಂಟ್ ಬೇಕು, ಹಿಡಿಯೋಕೆ ಬೇಡ. ಕರೆಂಟ್ ಹೋದ ಕ್ಷಣ ಸ್ಪ್ರಿಂಗ್ ಬ್ರೇಕನ್ನ ಕಚ್ಚಿಸುತ್ತೆ. ತಂದ ದಿನವೇ ಟೆಸ್ಟ್ ಮಾಡಿ: ಸಣ್ಣ ಲೋಡನ್ನ ನೆಲದಿಂದ ಒಂದು ಗೇಣು ಎತ್ತಿ ಪ್ಲಗ್ ಕೀಳಿ. ಒಂದಿಂಚು ಜಾರಿ ನಿಂತ್ರೆ ಸರಿ. ಜಾರ್ತಾನೇ ಹೋದ್ರೆ ವಾಪಸ್ ಕಳಿಸಿ, ವಾದ ಬೇಡ.

ಪ್ಲೇಟ್ ಮೇಲೆ "ಎಸ್3 20% 10 ನಿಮಿಷ" ಅಂತ ಇದ್ರೆ ಹತ್ತು ನಿಮಿಷದಲ್ಲಿ ಎರಡು ನಿಮಿಷ ಓಡಿಸಿ, ಎಂಟು ನಿಮಿಷ ಬಿಡಿ ಅಂತ ಅರ್ಥ. ಒಂದು ಇಂಜಿನ್ ಎತ್ತಿ ಸ್ಟ್ಯಾಂಡ್ ಮೇಲೆ ಇಡೋಕೆ ಎರಡು ನಿಮಿಷ ಧಾರಾಳ. ದಿನವಿಡೀ ಸಾಮಾನು ಏರಿಸೋಕೆ ಅದು ಹುಟ್ಟಿದ್ದಲ್ಲ.

6/8
ವಿಂಚಿಗೆ ಬೈದಿದ್ದು ಸಾಕು. ಅದನ್ನ ನೇತುಹಾಕಿರೋದು ಎಲ್ಲಿಗೆ ನೋಡಿ. ಶೀಟ್ ಶೆಡ್ಡಿನ ಪೈಪಿಗೆ! ಆ ಪೈಪ್ ಇರೋದು ಶೀಟ್ ಹೊರೋಕೆ, ಗಾಳಿ ತಡೆಯೋಕೆ. ಇಂಜಿನ್ ಹೊರೋಕಲ್ಲ.

ಇನ್ನೊಂದು ಬುದ್ಧಿವಂತಿಕೆ: ವಿಂಚನ್ನ ಕೆಳಗೆ ಇಟ್ಟು, ಮೇಲೆ ಒಂದು ಪುಲ್ಲಿ ಕಟ್ಟಿ, ಅದರ ಮೇಲೆ ರೋಪ್ ಹಾಯಿಸೋದು. ಲೋಡ್ 300 ಕೆಜಿ. ಮೇಲಿನ ತೊಲೆಗೆ ಬೀಳೋ ಭಾರ 300 ಅಲ್ಲ, 600. ಒಂದು ಕಡೆ ಲೋಡ್ ಎಳೀತಿದೆ, ಇನ್ನೊಂದು ಕಡೆ ವಿಂಚ್ ಎಳೀತಿದೆ.

ಬೆಲ್ಟ್ ಕಟ್ಟೋದು ನೋಡಿ. ಎರಡು ಕಾಲಿನ ಬೆಲ್ಟ್ ನೆಲಕ್ಕೆ 60 ಡಿಗ್ರಿ ಇದ್ರೆ ಒಂದೊಂದು ಕಾಲಿಗೂ ಲೋಡಿನ 58% ಬೀಳುತ್ತೆ. 30 ಡಿಗ್ರಿಗೆ ಮಲಗಿದ್ರೆ ಒಂದೊಂದಕ್ಕೂ ಪೂರ್ತಿ 100%. ಬೆಲ್ಟ್ ಗಿಡ್ಡ ಇದ್ದಷ್ಟೂ ಅಪಾಯ.

ರೋಪ್: 6 ಎಂಎಂ ಸ್ಟೀಲ್ ರೋಪ್ ಸಾಮಾನ್ಯವಾಗಿ ಸುಮಾರು 2 ಟನ್‌ಗೆ ಹರಿಯುತ್ತೆ. ಹಾಗಂತ 2 ಟನ್ ಎತ್ತಬಹುದು ಅಂತಲ್ಲ. ಐದರಿಂದ ಭಾಗಿಸಿ, 400 ಕೆಜಿ. ಎಳೆ ಕಿತ್ತಿದ್ರೆ, ಕುಂಕಿದ್ರೆ, ತುಕ್ಕು ಹಿಡಿದಿದ್ರೆ ಬಿಸಾಕಿ. ಎಷ್ಟೇ ಬಿಚ್ಚಿದ್ರೂ ಡ್ರಮ್ ಮೇಲೆ ಕನಿಷ್ಠ ಮೂರು ಸುತ್ತು ಉಳಿದಿರ್ಲಿ, ಕೈಪಿಡಿ ಐದು ಅಂದ್ರೆ ಐದು. ಎಳೆಯುವಾಗ ರೋಪಿನ ಸಾಲಲ್ಲಿ ಯಾರೂ ನಿಲ್ಲಬಾರದು. ಹರಿದ ಸ್ಟೀಲ್ ರೋಪ್ ಚಾಟಿ ಥರ ವಾಪಸ್ ಬರುತ್ತೆ.

7/8
"ಹತ್ತು ವರ್ಷದಿಂದ ಹಿಂಗೇ ಮಾಡ್ತಿದೀವಿ, ಏನೂ ಆಗಿಲ್ಲ" ಅಂತಾರೆ. ಈ ಮಾತಿಗೆ ಉತ್ತರ ಕೊಡ್ಲೇಬೇಕು. ಏನೂ ಆಗಿಲ್ಲ ಅನ್ನೋದು ಸುರಕ್ಷತೆಗೆ ಸಾಕ್ಷಿ ಅಲ್ಲ, ಲೋಡ್ ಇಲ್ಲಿವರ್ಗೂ ಸಣ್ಣದಿತ್ತು ಅನ್ನೋದಕ್ಕೆ ಸಾಕ್ಷಿ.

ನಾಗಮಂಗಲದ ಕಡೆ ಒಂದು ಬೋರ್ ತಗೊಳಿ. 500 ಅಡಿ, ಎರಡು ಇಂಚಿನ ಜಿಐ ಪೈಪ್. ಮೀಟರಿಗೆ ಸುಮಾರು 5 ಕೆಜಿ. 152 ಮೀಟರಿಗೆ ಪೈಪೇ 760 ಕೆಜಿ. ಒಳಗೆ ನೀರು ನಿಂತಿದ್ರೆ ಇನ್ನೂ 330. ಮೇಲೆ ಪಂಪು, ಮೋಟಾರು, ಕೇಬಲ್ಲು. 1100 ಕೆಜಿ ದಾಟ್ತು. "500/1000" ಹಾಯಿಸ್ಟ್ ತಂದು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ ಬಟನ್ ಒತ್ತೋರಿಗೆ ಈ ಲೆಕ್ಕ ಯಾರಾದ್ರೂ ಹೇಳಿದಾರಾ? ಪೈಪು ಜಾರಿದಾಗ ಕ್ಲ್ಯಾಂಪ್ ಹಿಡ್ಕೊಂಡಿರೋ ಕೈ ಯಾರ್ದು?

ಇನ್ನೊಂದು ಗೆರೆ ದಾಟಲೇಬಾರದು: ಬಾವಿಗೆ, ಟ್ಯಾಂಕಿಗೆ ಮನುಷ್ಯರನ್ನ ಇದರಲ್ಲಿ ಇಳಿಸಬೇಡಿ. ಒಂದೇ ನಿಮಿಷ, ಒಂದೇ ಸಲ ಅಂದ್ರೂ ಬೇಡ.

"ಚಿಕ್ಕ ಅಂಗಡಿ, ದುಡ್ಡೆಲ್ಲಿದೆ?" ಅಂತಾರೆ. ಈ ಮಾತು ನಿಜ, ಗೌರವ ಕೊಡೋಣ. ಆದ್ರೆ ದುಡ್ಡಿಲ್ಲದೋರಿಗೆ ದಾರಿ ಅಗ್ಗದ ಎಲೆಕ್ಟ್ರಿಕ್ ವಿಂಚ್ ಅಲ್ಲ, ಕೈಯಲ್ಲಿ ಎಳೆಯೋ ಒಳ್ಳೆ ಚೈನ್ ಪುಲ್ಲಿ. ಅದಕ್ಕೆ ವೋಲ್ಟೇಜ್ ಬೇಡ, ಬೋರ್ಡ್ ಬೇಡ. ಕೈ ಬಿಟ್ರೆ ನಿಂತಲ್ಲೇ ನಿಲ್ಲುತ್ತೆ. ಕೂದಲೆಳೆಯಷ್ಟು ಇಳಿಸಬೇಕು ಅಂದ್ರೂ ಇಳಿಸಬಹುದು, ಇಂಜಿನ್ ಕೂರಿಸುವಾಗ ಬೇಕಾಗೋದೂ ಅದೇ. ಐಎಸ್ 3832 ಅನ್ನೋ ಭಾರತೀಯ ಮಾನದಂಡ ಇರೋದು ಇದಕ್ಕೇ, ಕೇಳಿ ತಗೊಳಿ. ನಿಧಾನ ಅನ್ನೋದೊಂದೇ ದೂರು. ತಿಂಗಳಿಗೆ ನಾಲ್ಕು ಇಂಜಿನ್ ಎತ್ತೋ ಶೆಡ್ಡಿಗೆ ಯಾವ ಅವಸರ?

ಕಾನೂನೂ ಇದನ್ನ ಹೊಸದಾಗಿ ಹೇಳ್ತಿಲ್ಲ. 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್ನಲ್ಲೇ ಬರೆದಿತ್ತು: ಎತ್ತೋ ಯಂತ್ರ, ಚೈನು, ರೋಪನ್ನ ಹನ್ನೆರಡು ತಿಂಗಳಿಗೆ ಒಂದು ಸಲವಾದ್ರೂ ತಿಳಿದವರು ಪೂರ್ತಿ ಪರೀಕ್ಷೆ ಮಾಡಬೇಕು, ಸುರಕ್ಷಿತ ಭಾರ ಎಷ್ಟು ಅಂತ ಕಾಣೋ ಹಾಗೆ ಬರೆದಿರಬೇಕು. ಹತ್ತು ಜನಕ್ಕಿಂತ ಕಮ್ಮಿ ಇರೋ ಶೆಡ್ಡಿಗೆ ಆ ಕಾಯ್ದೆ ಸಾಮಾನ್ಯವಾಗಿ ತಾಕ್ತಿರ್ಲಿಲ್ಲ. ಸರಿ, ಕಾಯ್ದೆ ತಾಕದೇ ಇರಬಹುದು. 300 ಕೆಜಿ ತಾಕುತ್ತೆ.

8/8
ಹಂಗಾದ್ರೆ ಏನ್ ತಗೊಳೋದು?

ಎಳೆಯೋ ಕೆಲಸನೇ ಜಾಸ್ತಿ ಇದ್ರೆ, ಕೆಟ್ಟ ಗಾಡಿನ ರ‍್ಯಾಂಪ್ ಹತ್ತಿಸೋದು, ಶೆಡ್ ಒಳಗೆ ತರೋದು, ಆಗ ಎಳೆಯೋ ವಿಂಚೇ ತಗೊಳಿ. ಪೋಸ್ಟ್ 2ರ ಲೆಕ್ಕ ಹಾಕಿ, ಬಂದದ್ದಕ್ಕೆ ಎರಡರಷ್ಟು ಸಾಮರ್ಥ್ಯ ಇರ್ಲಿ. ನೆಲಕ್ಕೆ ಸರಿಯಾಗಿ ಬೋಲ್ಟ್ ಮಾಡಿ. ಅದರಲ್ಲಿ ಏನನ್ನೂ ಎತ್ತಬೇಡಿ.

ಎತ್ತೋ ಕೆಲಸ ದಿನಾ ಇದ್ರೆ ಹಾಯಿಸ್ಟೇ ತಗೊಳಿ. ಒಂಟಿ ರೋಪಿನ ನಂಬರನ್ನೇ ಅದರ ಸಾಮರ್ಥ್ಯ ಅಂತ ತಿಳ್ಕೊಳಿ. ಕರೆಂಟ್ ಹೋದ್ರೆ ಕಚ್ಚೋ ಬ್ರೇಕ್, ಹುಕ್ಕಿಗೆ ಮುಚ್ಚಳ, ಮೇಲೆ ಹೋಗಿ ಗುದ್ದದಂಗೆ ನಿಲ್ಲಿಸೋ ಲಿಮಿಟ್ ಸ್ವಿಚ್, ಕೆಂಪು ಎಮರ್ಜೆನ್ಸಿ ಬಟನ್, ಸರಿಯಾದ ಅರ್ಥಿಂಗ್: ಈ ಐದರಲ್ಲಿ ಒಂದಿಲ್ಲ ಅಂದ್ರೂ ಬೇಡ. ನೇತುಹಾಕೋಕೆ ಲೆಕ್ಕ ಹಾಕಿ ನಿಲ್ಲಿಸಿದ ಬೀಮ್ ಬೇಕು.

ಎತ್ತೋದು ಅಪರೂಪ ಅಂದ್ರೆ ಚೈನ್ ಪುಲ್ಲಿ. ಎರಡೂ ಬೇಕು ಅಂದ್ರೆ ಎರಡು ಯಂತ್ರ.

"ಒಂದರಲ್ಲಿ ಆಗೋದಕ್ಕೆ ಎರಡ್ಯಾಕೆ?" ಅನ್ನೋರಿಗೆ ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಕಡೆ ಹೋಗಿ ಬರೋಕೆ ಹೇಳಿ. 2017ರಲ್ಲಿ ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಶಸ್ತ್ರಾಗಾರವನ್ನ, ಸುಮಾರು ಸಾವಿರ ಟನ್ ಕಟ್ಟಡವನ್ನ, ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದ್ರು. ಮೊದಲು ಹೈಡ್ರಾಲಿಕ್ ಜಾಕ್‌ಗಳಲ್ಲಿ ಎತ್ತಿದ್ರು. ಎತ್ತಿದ್ದು ಗಟ್ಟಿಯಾಗಿ ಕೂತ ಮೇಲೆ ಉಕ್ಕಿನ ತೊಲೆಗಳ ಮೇಲೆ ಸರಿಸಿದ್ರು. ಎರಡು ಕೆಲಸ ಅಂತ ಒಪ್ಪಿಕೊಂಡಿದ್ದಕ್ಕೇ ಹಳೇ ಇಟ್ಟಿಗೆ ಗೋಡೆ ಇವತ್ತಿಗೂ ನಿಂತಿದೆ.

ನಾಳೆ ಕೆಲಸಕ್ಕೆ ಹೋದಾಗ ಮೂರು ಮಾಡಿ. ನಿಮ್ಮ ಶೆಡ್ಡಿನ ವಿಂಚ್ ಪ್ಲೇಟಿನ ಫೋಟೋ ತೆಗೆದು ÷ 6 ಸೂತ್ರ ಹಾಕಿ. ಪ್ಲಗ್ ಕಿತ್ತು ಬ್ರೇಕ್ ನೋಡಿ. ಅದು ಯಾವುದಕ್ಕೆ ನೇತಾಡ್ತಿದೆ ಅಂತ ತಲೆ ಎತ್ತಿ ನೋಡಿ. ಲೆಕ್ಕ ಕೂಡಲಿಲ್ಲ ಅಂದ್ರೆ ಓನರಿಗೆ ಈ ಎಂಟೂ ಪೋಸ್ಟ್ ತೋರಿಸಿ. "ಏನ್ ನಮಗೇ ಪಾಠ ಹೇಳೋಕೆ ಬಂದ್ಯಾ" ಅಂತ ಬೈದ್ರೆ ಬೈಸ್ಕೊಳಿ. ಬೈಗುಳ ತಲೆ ಮೇಲೆ ಬಿದ್ರೆ ಏನೂ ಆಗಲ್ಲ.

#ಶ್ರೀರಂಗಪಟ್ಟಣ #ಪಾಂಡವಪುರ #ಕೆಆರ್‌ಪೇಟೆ #ನಾಗಮಂಗಲ #ಐಟಿಐಹುಡುಗ್ರು #ವರ್ಕ್‌ಶಾಪ್‌ಲೆಕ್ಕ