ನೀರಿಗೆ ತಕ್ಕ ಮೀನು

ನಮ್ಮ ಬೆಂಗಳೂರಿನ ಮನೆಯ ಕೊಳವೆ ಬಾವಿಯದು ಬೇಳೆ ಬೇಯದ ನೀರು. ಕಾಯಿಸಿದ ಪಾತ್ರೆಗೆ ಸುಣ್ಣ ಬಳಿದಂತೆ ಬಿಳಿ ಕಟ್ಟುತ್ತದೆ. ಇಂಥ ನೀರಿನಲ್ಲಿ ನಿಯಾನ್ ಟೆಟ್ರಾ ಮರಿ ಮಾಡಿಸುತ್ತೇನೆಂದು ಹೊರಟವನು ನಾನು. ಮೀನು ಮೊಟ್ಟೆಯನ್ನೇನೋ ಇಟ್ಟಿತು. ಬೆಳಗಾಗುವಷ್ಟರಲ್ಲಿ ಎಲ್ಲವೂ ಬೆಳ್ಳಗಾಗಿ ಕೆಟ್ಟುಹೋಗಿದ್ದವು.

ಅಂಗಡಿಯವನು, "ಆರ್‌ಓ ನೀರು ಹಾಕಿ ಸಾರ್, ಅದೇ ಪ್ಯೂರ್" ಎಂದ. ಶುದ್ಧವೆಂಬ ಮಾತಿಗೆ ಮರುಳಾಗದವರು ನಮ್ಮಲ್ಲಿ ಯಾರಿದ್ದಾರೆ? ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಒಮ್ಮೆಗೇ ಅದನ್ನು ತುಂಬಿದೆ. ಮೂರು ದಿನದಲ್ಲಿ ಹನ್ನೊಂದು ಮೀನು ಸತ್ತವು. ಕೊಂದದ್ದು ಕೊಳೆಯಲ್ಲ, ನನ್ನ ಶುದ್ಧಿಯ ಹುಚ್ಚು.

ತಿಳಿ ನೀರು ಬೇರೆ, ಶುದ್ಧ ನೀರು ಬೇರೆ, ಮೆದು ನೀರು ಬೇರೆ. ನಿಯಾನ್‌ನ ತವರು ಅಮೆಜಾನಿನ ಮೇಲ್ಭಾಗದ ಹೊಳೆಗಳು. ಉದುರಿದ ಎಲೆ ನೆನೆದು ಅಲ್ಲಿ ಎಷ್ಟೋ ಕಡೆ ನೀರು ಚಹಾದ ಬಣ್ಣದ್ದು. ಕಾಲು ತೊಳೆಯಲೂ ನಾವು ಹಿಂಜರಿದೇವು. ಆದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಲು ಕಡಿಮೆ. ಮೆದುತನವೆಂದರೆ ಅಷ್ಟೆ. ಕನ್ನಡಿಯಂಥ ಹೊಸ ತೊಟ್ಟಿಯಲ್ಲಿ ಮೀನಿನಿಂದಲೇ ಬಂದ ಅಮೋನಿಯಾ ತುಂಬಿದ್ದರೂ ಕಣ್ಣಿಗೆ ಕಾಣದು. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ವಾರಗಳೇ ಬೇಕು. ನಾವೋ, ಸ್ವಚ್ಛತೆಯ ಹೆಸರಿನಲ್ಲಿ ಅವನ್ನೂ ಉಜ್ಜಿ ತೊಳೆಯುತ್ತೇವೆ!

ಇನ್ನು ಆ ಯಂತ್ರದ ಮಾತು. ಮನೆಯ ಆರ್‌ಓ ಒಂದು ಕೊಡ ಕೊಡುವಾಗ ಸಾಮಾನ್ಯವಾಗಿ ಎರಡು ಮೂರು ಕೊಡ ಚರಂಡಿಗೆ ಬಿಡುತ್ತದೆ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡವೆಂದು 2024ರ ಬೇಸಿಗೆಯಲ್ಲಿ ಸಾರಿದ ಊರಿದು. ಬೀದಿಯಲ್ಲಿ ಜನ ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾಯುತ್ತಿದ್ದರು. ನನ್ನ ಯಂತ್ರ ಅಂದೂ ನಿಂತಿರಲಿಲ್ಲ. ನೆನೆದರೆ ಇಂದಿಗೂ ನಾಚಿಕೆ.

"ಮೆದು ನೀರಿಲ್ಲದೆ ನಿಯಾನ್ ಮರಿ ಆಗುವುದಿಲ್ಲವಲ್ಲ?" ಎಂದು ಕೇಳುವ ಗೆಳೆಯರಿದ್ದಾರೆ. ನಿಜ. ಅದಕ್ಕೆ ಮಳೆಗಾಲವಿದೆ. ಮೊದಲ ಮಳೆಗಳು ಮಾಳಿಗೆಯನ್ನು ತೊಳೆದ ಮೇಲೆ ಒಂದು ಡ್ರಮ್ಮು ಹಿಡಿದಿಡಿ. ದಿನಕ್ಕಿಷ್ಟಿಷ್ಟೇ ಬೆರೆಸಿ. ಅಷ್ಟು ತಾಳ್ಮೆಯಿಲ್ಲವೇ? ಗಪ್ಪಿ, ಮೋಲಿ ಸಾಕಿ. ಗಡಸು ನೀರೇ ಅವಕ್ಕೆ ಹಿತ. ಮರಿಗಳನ್ನು ಸಾಕುಸಾಕೆನ್ನುವಷ್ಟು ಹಾಕುತ್ತವೆ.

ಮೀನಿಗೆ ತಕ್ಕ ನೀರನ್ನು ಕಾಸು ಕೊಟ್ಟು ಮಾಡುವ ಮೊದಲು, ಇರುವ ನೀರಿಗೆ ತಕ್ಕ ಮೀನನ್ನು ತನ್ನಿ. ನನ್ನ ತೊಟ್ಟಿಯಲ್ಲೀಗ ಇರುವುದು ಬರಿಯ ಗಪ್ಪಿ. ಬಂದ ನೆಂಟರು "ಇಷ್ಟೇನಾ?" ಎನ್ನುತ್ತಾರೆ. ಹೌದು, ಇಷ್ಟೇ. ಎಲ್ಲವೂ ಬದುಕಿವೆ.